ಎಡಕ್ಕೆ ಹಾಕಿದ ದೀಪ

ಸೂಜಿಯ ಬೈಕಿಗೆ ಹೊಸ ಜಾಗದಲ್ಲಿ ಕೂರಿಸಿದ ಇಂಡಿಕೇಟರು ಮೊದಲ ಸಲ ಮಿನುಗಿದ ಸಂಜೆ, ಆಕಾಶದಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿದ್ದ ವಿಮಾನವೊಂದು ಅದನ್ನು ಕಂಡು, ವೇಗ ತಗ್ಗಿಸಿ, ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟುಕೊಟ್ಟಿತು!

ಪೈಲಟ್ ಕಿಟಕಿಯಿಂದ ಕೈ ಹೊರಗೆ ಹಾಕಿ, "ನೀವು ಮೊದಲು ಹೋಗಿ ಮೇಡಂ" ಎಂದು ಸನ್ನೆಯನ್ನೂ ಮಾಡಿದ.

ನಂಬುವುದಿಲ್ಲವೇ? ಹೋಗಲಿ ಬಿಡಿ. ವಿಮಾನವನ್ನು ನಂಬದವರು ವ್ಯಾನನ್ನಾದರೂ ನಂಬಿ. ಏಕೆಂದರೆ ಈ ಕಥೆ ಶುರುವಾಗುವುದೇ ಒಂದು ವ್ಯಾನಿನ ಬ್ರೇಕಿನಿಂದ.

'ಕಿರ್ರ್ರ್...!'

ಆ ಸದ್ದಿಗೆ ಬೀದಿಯ ಎರಡೂ ಬದಿಯ ಕಿಟಕಿಗಾಜುಗಳು ಪುಡಿಪುಡಿಯಾದವು. ಮರದ ಮೇಲಿದ್ದ ಕಾಗೆಗಳು ಹಾರಿಹೋದವು, ಇನ್ನೂ ವಾಪಸ್ ಬಂದಿಲ್ಲ. ವ್ಯಾನಿನ ಮೂಗು ಸೂಜಿಯ ಬೈಕಿನ ಬಲಗಡೆಯ ಪೆಟ್ಟಿಗೆಗೆ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ನಿಂತಿತ್ತು.

"ಏನ್ರೀ! ತಿರುಗೋ ಮುಂಚೆ ಇಂಡಿಕೇಟರ್ ಹಾಕ್ಬೇಕು ಅಂತ ಗೊತ್ತಿಲ್ವಾ?" ವ್ಯಾನಿನಿಂದ ಇಳಿದವನು ಕೂಗಿದ.

"ಹಾಕಿದ್ದೀನಿ! ನೀವು ಕಣ್ಣು ಮನೇಲಿ ಬಿಟ್ಟು ಬಂದಿದ್ದೀರಾ?"

"ಹಾಕಿದ್ರೆ ಕಾಣ್ಬೇಕಲ್ಲ?"

"ನೋಡೋರಿಗೆ ಕಾಣುತ್ತೆ!"

ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಥ ಚೆಲುವ ಆ ಊರಲ್ಲಷ್ಟೇ ಅಲ್ಲ, ಆಸುಪಾಸಿನ ಯಾವ ಊರಲ್ಲೂ ಹುಟ್ಟಿರಲಿಲ್ಲ. ಸಿಂಹದ ನಡಿಗೆ. ಬಾಗಿಲು ತುಂಬುವ ಭುಜ. ಗಾಡಿಗಳ ವೈರಿಂಗ್ ಕೆಲಸದಲ್ಲಂತೂ ಎಂಥ ನಿಪುಣನೆಂದರೆ, ಅವನು ಮುಟ್ಟಿದರೆ ಸತ್ತ ಬ್ಯಾಟರಿಯೂ ಎದ್ದು ಕೂತು ನೀರು ಕೇಳುತ್ತಿತ್ತು. ಅದಕ್ಕೇ ಎಲ್ಲರೂ ಅವನನ್ನು 'ಕರೆಂಟು' ಎನ್ನುತ್ತಿದ್ದರು.

ಆದರೆ ಸೂಜಿಗೆ ಆ ಕ್ಷಣ ಕಂಡದ್ದು ಇಷ್ಟೇ: ಗ್ರೀಸ್ ಹತ್ತಿದ ಶರ್ಟು. ಅದಕ್ಕೆ ಒಂದು ಕಾಜ ಬಿಟ್ಟು ಇನ್ನೊಂದಕ್ಕೆ ಹಾಕಿದ ಗುಂಡಿ.

'ಶರ್ಟಿನ ಗುಂಡಿ ನೆಟ್ಟಗೆ ಹಾಕೋಕೆ ಬರಲ್ಲ, ನನಗೆ ಬುದ್ಧಿ ಹೇಳೋಕೆ ಬಂದ!'

"ಜಗಳ ಬೇಡ," ಎಂದ ಅವನು, ಅವಳ ಬೈಕಿನ ಬೆನ್ನನ್ನು ನೋಡಿ. ದನಿ ತಟ್ಟನೆ ಇಳಿದಿತ್ತು. "ಬನ್ನಿ, ನನ್ನ ಸೀಟಲ್ಲಿ ಕೂತು ನೀವೇ ನೋಡಿ."

ಒಲ್ಲದ ಮನಸ್ಸಿನಿಂದ ಅವಳು ವ್ಯಾನ್ ಹತ್ತಿ ಕೂತಳು. ಅವನು ಅವಳ ಬೈಕಿನ ಹತ್ತಿರ ಹೋಗಿ ಬಲಗಡೆಯ ಇಂಡಿಕೇಟರ್ ಒತ್ತಿದ.

ಗಾಜಿನಾಚೆ ಅವಳಿಗೆ ತನ್ನ ಬೈಕಿನ ಬೆನ್ನು ಕಂಡಿತು. ಅಪ್ಪನ ಕಾಲದ ಎರಡು ದೊಡ್ಡ ತಗಡಿನ ಪೆಟ್ಟಿಗೆಗಳು ಕಂಡವು.

ದೀಪ ಮಾತ್ರ... ಕಾಣಲಿಲ್ಲ.

"ಒತ್ತಿದ್ರಾ?"

"ಒತ್ತಿದ್ದೀನಿ. ಮಿನುಗ್ತಾನೇ ಇದೆ. ಪೆಟ್ಟಿಗೆ ಮರೇಲಿ."

ಸೂಜಿ ವ್ಯಾನಿನಿಂದ ಇಳಿದು ಬೈಕಿನ ಹತ್ತಿರ ಬಂದಳು.

'ಇಷ್ಟು ದಿನ... ನಾನು ಹಾಕಿದ ದೀಪ ಯಾರಿಗೂ ಕಂಡೇ ಇಲ್ವಾ?'

*

ಊರಿನ ಹೊಲಿಗೆ ಮೆಷಿನ್‌ಗಳನ್ನೆಲ್ಲ ರಿಪೇರಿ ಮಾಡುವುದು ಅವಳ ಕಸುಬು. ಮಾತು ಚುಚ್ಚುವಂತಿದ್ದುದರಿಂದ ಟೈಲರ್‌ಗಳು ಇಟ್ಟ ಹೆಸರು ಸೂಜಿ. ಕಸುಬು ಅಪ್ಪನದು, ಪೆಟ್ಟಿಗೆಗಳೂ ಅಪ್ಪನವು. ಅಪ್ಪನ ಹಳೇ ಗಾಡಿಗೆ ಕಿವಿಯ ಹಾಗೆ ಆಚೆ ಚಾಚಿದ ದೀಪಗಳಿದ್ದವು. ಅಪ್ಪ ಹೋದ ಮೇಲೆ ಗಾಡಿಯೂ ಕೈಕೊಟ್ಟಿತು. ಅವಳು ಕೊಂಡ ಹೊಸ ಬೈಕಿಗೆ ಸೀಟಿನ ಕೆಳಗೆ ಅಡಗಿ ಕೂತ ಪುಟ್ಟ ದೀಪಗಳು. ಅದರ ಮೇಲೆಯೇ ಅಪ್ಪನ ಪೆಟ್ಟಿಗೆಗಳನ್ನು ಬಿಗಿಸಿಕೊಂಡಿದ್ದಳು.

ಅಂದಿನಿಂದ ಊರೇ ಅವಳ ಮೇಲೆ ಹಗೆ ಸಾಧಿಸುವಂತಿತ್ತು. ತಿರುಗಿದಲ್ಲೆಲ್ಲ ಹಾರ್ನ್, ಬೈಗುಳ. 'ನಾನು ಕೇಳಿಕೊಂಡ್ರೂ ಯಾರೂ ಜಾಗ ಕೊಡಲ್ಲ' ಎಂದುಕೊಂಡು ಅವಳು ಹಲ್ಲು ಕಚ್ಚಿ ಗಾಡಿ ಓಡಿಸುತ್ತಿದ್ದಳು.

ಅಂಗಡಿಗಳಲ್ಲೂ ಅಷ್ಟೇ. "ಮೆಷಿನ್‌ನೋರು ಬಂದ್ರು" ಎನ್ನುತ್ತಿದ್ದರೇ ಹೊರತು ಅವಳ ಮುಖ ನೋಡಿದವರಿಲ್ಲ.

ಅವಳದು ಮಹಡಿಯ ಮೇಲಿನ ಒಂದು ಕೋಣೆ. ಆ ಕೋಣೆಯ ಮೌನ ಎಷ್ಟು ದಪ್ಪಗಿತ್ತೆಂದರೆ ಅದನ್ನು ಕತ್ತರಿಸಿ ಕೋಟು ಹೊಲಿಯಬಹುದಿತ್ತು! ಬೆಳಿಗ್ಗೆ ಎದ್ದು ಗಿರಾಕಿಯ ಫೋನ್ ತೆಗೆದರೆ ಗಂಟಲು ಕಟ್ಟಿ ಮೊದಲ ಮಾತು ಹೊರಡುತ್ತಲೇ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನದಿಂದ ಮಾತಾಡಿದ್ದರೆ ತಾನೆ? ಅದಕ್ಕೇ ಹಲ್ಲುಜ್ಜಿದ ಕೂಡಲೇ ಕನ್ನಡಿಯ ಮುಂದೆ ನಿಂತು, "ಹಲೋ... ಹಾಂ, ಹೇಳಿ... ಬರ್ತೀನಿ..." ಎಂದು ದನಿಗೆ ಎಣ್ಣೆ ಬಿಟ್ಟುಕೊಳ್ಳುತ್ತಿದ್ದಳು, ತುಕ್ಕು ಹಿಡಿದ ಮೆಷಿನ್ನಿಗೆ ಬಿಡುವ ಹಾಗೆ.

ಸಂಜೆ ಸುಮ್ಮನೆ ಒಂದು ಮೆಷಿನ್ ತುಳಿಯುತ್ತ ಕೂರುತ್ತಿದ್ದಳು. ಬಟ್ಟೆಯಿಲ್ಲ, ದಾರವಿಲ್ಲ. ಬರೀ ಸದ್ದಿಗಾಗಿ.

*

"ಆ ಪೆಟ್ಟಿಗೆ ತೆಗೆದುಹಾಕಿ," ಎಂದಿದ್ದ ಕರೆಂಟು, ದೀಪ ಸರಿಮಾಡಿಸಲು ಅವಳು ಅವನ ವೈರಿಂಗ್ ಅಂಗಡಿಗೆ ಹೋದ ದಿನ.

"ಆಗಲ್ಲ. ಅಪ್ಪ ಕೈಯಾರೆ ಮಾಡಿದ್ದು."

ಅವನು ಪೆಟ್ಟಿಗೆಯ ಮೂಲೆಯನ್ನು ಬೆರಳಿನಿಂದ ಸವರಿದ. ಬೆಸುಗೆಯ ಗುರುತನ್ನು ನೋಡಿದ.

"ಹಾಗಿದ್ರೆ ಪೆಟ್ಟಿಗೆ ಇದ್ದಲ್ಲೇ ಇರಲಿ. ದೀಪಾನೇ ಆಚೆ ತರೋಣ."

ಅಷ್ಟು ಹೊತ್ತು ಜಗಳಕ್ಕೆ ತಯಾರಾಗಿ ನಿಂತಿದ್ದ ಸೂಜಿ ತಬ್ಬಿಬ್ಬಾದಳು.

"ಹೇಗೆ?"

"ಪೆಟ್ಟಿಗೆ ಹಿಂದಿನ ಅಂಚಿಗೆ ಕಬ್ಬಿಣದ ಪಟ್ಟಿ ಹಾಕ್ತೀನಿ. ದೀಪ ಅದರ ತುದೀಲಿ. ಬ್ರೇಕ್ ಲೈಟಿಂದ ದೂರ ಇರ್ಬೇಕು, ಇಲ್ದಿದ್ರೆ ಕೆಂಪಲ್ಲಿ ಹಳದಿ ಮುಳುಗಿಹೋಗುತ್ತೆ. ಹಿಂದಿನೋರಿಗೂ ಕಾಣ್ಬೇಕು, ಪಕ್ಕದೋರಿಗೂ ಕಾಣ್ಬೇಕು." ಆಮೇಲೆ ತಲೆ ಕೆರೆದುಕೊಂಡು, "ನಿಮ್ಮಂಥೋರು ಮರೇಲಿ ಇರಬಾರದು ರೀ," ಎಂದ.

ಒಂದು ಮಧ್ಯಾಹ್ನದ ಕೆಲಸ ಅದು. ಅವನು ಅದನ್ನು ಎಳೆದ ರೀತಿ ನೋಡಿದರೆ ಅಷ್ಟರಲ್ಲಿ ಒಂದು ಸೇತುವೆ ಕಟ್ಟಬಹುದಿತ್ತು.

"ಪಟ್ಟಿ ಸ್ವಲ್ಪ ಸೊಟ್ಟ ಆಯ್ತು, ನಾಳೆ ಬನ್ನಿ."

"ಬಣ್ಣ ಒಣಗಿಲ್ಲ, ನಾಡಿದ್ದು ಬನ್ನಿ."

"ಬೋಲ್ಟಿಗೆ ರಬ್ಬರ್ ಬೇಕು. ಗಾಡಿ ಅದುರಿದ್ರೆ ದೀಪ ಸಡಿಲ ಆಗುತ್ತಲ್ಲ? ಟೀ ಕುಡೀರಿ, ಅಷ್ಟರಲ್ಲಿ ಹುಡುಕ್ತೀನಿ."

"ರಬ್ಬರ್ ನಿಮ್ಮ ಜೇಬಲ್ಲೇ ಇದೆ," ಎಂದಳು ಸೂಜಿ.

"ಓ... ಇದಾ? ಇದು ಬೇರೆ ಸೈಜು!"

ಅವಳು ನಕ್ಕಳು. ನಕ್ಕ ಸದ್ದು ಕೇಳಿ ಅವಳೇ ಬೆಚ್ಚಿದಳು. 'ಇದು ನನ್ನ ದನಿನಾ?'

ಸೀಟು ಕವರ್ ಹೊಲಿಯಲು ಅವನು ಇಟ್ಟುಕೊಂಡಿದ್ದ ಹಳೇ ಮೆಷಿನ್ ಮೂಲೆಯಲ್ಲಿ ಕೀರಲು ದನಿಯಲ್ಲಿ ಅಳುತ್ತಿತ್ತು. ಅವನು ಪಟ್ಟಿ ಬಗ್ಗಿಸುತ್ತಿದ್ದಾಗ ಅವಳು ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟಳು. ಇಬ್ಬರೂ ಬೆನ್ನು ತಿರುಗಿಸಿ ಕೂತು ಕೆಲಸ ಮಾಡುತ್ತಿದ್ದರು. ಮಾತಿಲ್ಲ. ಆದರೆ ಅದು ಮಹಡಿಯ ಕೋಣೆಯ ಮೌನವಾಗಿರಲಿಲ್ಲ...

ಕೊನೆಗೂ ವೈರ್ ಜೋಡಿಸುವ ಸಂಜೆ ಬಂತು. ಎಡ ಬಲ ಗುರುತಿಸಲು ಬೇಕಾದ ಎರಡು ಬಣ್ಣದ ವೈರುಗಳಲ್ಲಿ ಒಂದು ಮುಗಿದಿತ್ತು. ಎರಡೂ ಕಡೆಗೆ ಕಪ್ಪು ವೈರನ್ನೇ ಎಳೆದು, ಟೇಪು ಸುತ್ತಿದ. ಅವಳನ್ನು ಬೈಕಿನ ಮೇಲೆ ಕೂರಿಸಿ, ತಾನು ಹಿಂದೆ ಕುಕ್ಕರುಗಾಲಲ್ಲಿ ಕೂತ.

"ಎಡಕ್ಕೆ ಹಾಕಿ."

ಅವಳು ಒತ್ತಿದಳು. ಕಣ್ಣು ಬೈಕಿನ ಕನ್ನಡಿಗೆ ಹೋಯಿತು. ಕನ್ನಡಿಯಲ್ಲಿ ಅವನಿದ್ದ. ಅವನೂ ಅದೇ ಕನ್ನಡಿಯನ್ನು ನೋಡುತ್ತಿದ್ದ. ಹಳದಿ ಬೆಳಕು ಅವನ ಕೆನ್ನೆಯ ಮೇಲೆ ಬಂದು ಹೋಗಿ, ಬಂದು ಹೋಗಿ ಮಾಡುತ್ತಿತ್ತು.

"ಹತ್ತಿತಾ?" ಎಂದಳು ಮೆಲ್ಲಗೆ.

"ಹತ್ತಿತು..."

"ಬಲಕ್ಕೆ?"

"ಅದೂ..."

ಇಬ್ಬರೂ ಕನ್ನಡಿ ಬಿಟ್ಟು ಬೇರೇನನ್ನೂ ನೋಡಲಿಲ್ಲ.

(ವಿಮಾನ ಪಕ್ಕಕ್ಕೆ ಸರಿದದ್ದು ಆಗಲೇ.)

*

"ನನಗೆ ಬೇರೆ ಊರಲ್ಲಿ ಕೆಲಸ ಬಂದಿದೆ," ಎಂದಳು ಸೂಜಿ, ಹೆಲ್ಮೆಟ್ ಕೈಯಲ್ಲಿ ತಿರುಗಿಸುತ್ತ. "ಗಾರ್ಮೆಂಟ್ ಕಾರ್ಖಾನೇಲಿ. ಮೆಷಿನ್‌ಗಳನ್ನ ನೋಡ್ಕೊಳ್ಳೋದು. ರೂಮು ಅವರೇ ಕೊಡ್ತಾರಂತೆ. ನಾಳೆ ಹೋಗಿ ಒಪ್ಪಿಗೆ ಹೇಳ್ಬೇಕು."

ಅವನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಬಿತ್ತು.

"ಹೋಗ್ತೀರಾ?"

"ಇಲ್ಲಿ ಇರು ಅನ್ನೋರು ಯಾರಿದ್ದಾರೆ?"

ಅವನು ಬಾಯಿ ತೆರೆದ. ಸಿಂಹದ ನಡಿಗೆಯವನ ಗಂಟಲಲ್ಲಿ ಇಲಿಯ ದನಿ ಕೂಡ ಹೊರಡಲಿಲ್ಲ. ಕೊನೆಗೆ, "ಇರು ಅಂದ್ರೆ... ಇರ್ತೀರಾ?" ಎಂದ.

'ಹೌದು ಅನ್ನು... ಒಂದು ಮಾತು ಅಷ್ಟೇ...' ಆದರೆ ಎಷ್ಟೋ ಕಾಲದಿಂದ ಉಪಯೋಗಿಸದ ಆ ಮಾತಿಗೆ ತುಕ್ಕು ಹಿಡಿದಿತ್ತು.

"ನನಗೆ ಬಾಯಲ್ಲಿ ಹೇಳೋಕೆ ಬರಲ್ಲ. ನಾಳೆ ಬೆಳಿಗ್ಗೆ ಸರ್ಕಲ್ ಹತ್ರ ನನ್ನ ಹಿಂದೆ ಬನ್ನಿ. ಬಲಕ್ಕೆ ಹಾಕಿದ್ರೆ ಹೈವೇ, ಕಾರ್ಖಾನೆಗೆ ಹೋದೆ ಅಂತ. ಎಡಕ್ಕೆ ಹಾಕಿದ್ರೆ..."

"ಎಡಕ್ಕೆ ನನ್ನ ಅಂಗಡಿ."

"ಹಾಂ. ಟೀ ಕುಡಿಯೋಕೆ ಬರ್ತಿದ್ದೀನಿ ಅಂತ."

"ಒಂದಿನಕ್ಕಾ?"

"ದಿನಾಲೂ," ಎಂದವಳೇ ಹೆಲ್ಮೆಟ್ ಹಾಕಿಕೊಂಡುಬಿಟ್ಟಳು, ಮುಖ ಕಾಣದಿರಲಿ ಎಂದು.

*

ಮರುದಿನ ಬೆಳಿಗ್ಗೆ ಸರ್ಕಲ್‌ನಲ್ಲಿ ಕೆಂಪು ದೀಪ. ಸೂಜಿ ನಿಂತಳು. ಹಿಂದೆ, ಸ್ವಲ್ಪ ದೂರದಲ್ಲಿ, ಅವನ ವ್ಯಾನು.

ಎಡಕ್ಕೆ ಒತ್ತಿದಳು. ಮೀಟರಿನ ಮೇಲೆ ಎಡಗಡೆಯ ಬಾಣ ಟಿಕ್ ಟಿಕ್ ಎಂದು ಮಿನುಗಿತು. ಹುಟ್ಟಿದಾಗಿನಿಂದ ಅವಳು ಯಾರಿಗೂ ಹೇಳದ ಮಾತನ್ನು ಈಗ ದೀಪ ಊರಿಗೆಲ್ಲ ಕೇಳುವಂತೆ ಹೇಳುತ್ತಿತ್ತು!

ಹಸಿರು ಬಂತು. ತಿರುಗಿದಳು. ಕನ್ನಡಿಯಲ್ಲಿ ನೋಡಿದಳು.

ವ್ಯಾನು... ಇರಲಿಲ್ಲ.

'ಹಿಂದೆ ಉಳಿದಿರಬೇಕು. ಬರ್ತಾರೆ.'

ಅಂಗಡಿಯ ಶಟರ್ ಎಳೆದಿತ್ತು. ಮೆಟ್ಟಿಲ ಮೇಲೆ ಕೂತಳು. ಗೋಡೆಯ ನೆರಳು ಅವಳ ಕಾಲು ದಾಟಿ, ಬೈಕು ದಾಟಿ, ರಸ್ತೆಗೆ ಹೋಯಿತು. ಬಂದ ವ್ಯಾನುಗಳೆಲ್ಲ ಬೇರೆಯವರವು.

'ದಿನಾಲೂ ಅಂದುಬಿಟ್ಟೆ. ಅದಕ್ಕೇ ಹೆದರಿ ಓಡಿಹೋದ್ರು. ಎಡಕ್ಕೆ ಮಿನುಗಿದ್ದು ನೋಡಿ... ನೋಡಿಯೂ...'

ಇಷ್ಟು ದಿನ ದೀಪ ಯಾರಿಗೂ ಕಂಡಿರಲಿಲ್ಲ, ಸರಿ. ಅದನ್ನು ತಡೆದುಕೊಂಡಿದ್ದಳು. ಆದರೆ ಕಂಡ ಮೇಲೂ ಒಬ್ಬರು ಬರದೆ ಹೋದರೆ?

ಆ ಸಂಜೆ ಅವಳು ಅತ್ತ ಕಣ್ಣೀರಿಗೆ ಕೆಳಗಿನ ಮನೆಯವರು ನಲ್ಲಿ ಸೋರುತ್ತಿದೆಯೆಂದು ಪ್ಲಂಬರ್‌ನನ್ನು ಕರೆಸಿದರು. ಮರುದಿನ ಕಾರ್ಖಾನೆಗೆ ಫೋನ್ ಮಾಡಿ ಬರುತ್ತೇನೆಂದಳು. ಕೋಣೆಯ ಸಾಮಾನು ಕಟ್ಟತೊಡಗಿದಳು. ಸಾಮಾನೆಂದರೇನು... ಒಂದು ತಟ್ಟೆ, ಒಂದು ಲೋಟ, ಒಂದು ದಿಂಬು. ಎಲ್ಲವೂ ಒಂದೊಂದೇ. ಅವನ ನಂಬರನ್ನು ಫೋನಿನಲ್ಲಿ ತೆಗೆದು, ನೋಡಿ, ಇಟ್ಟುಬಿಡುತ್ತಿದ್ದಳು. ಆ ಕಡೆಯಿಂದಲೂ ಫೋನ್ ಬರಲಿಲ್ಲ.

ಅವಳು ಮತ್ತೆ ಬಟ್ಟೆಯಿಲ್ಲದ ಮೆಷಿನ್ ತುಳಿಯತೊಡಗಿದಳು.

*

ಊರು ಬಿಡುವ ಮುಂಚೆ ಕೊನೆಯದಾಗಿ ಟೈಲರಕ್ಕನ ಮೆಷಿನ್ ನೋಡಲು ಹೋದಳು. ಅಪ್ಪನ ಕಾಲದಿಂದಲೂ ಪರಿಚಯದ, ಬಾಯಿಗೆ ಬಿಡುವೇ ಕೊಡದ ಹೆಂಗಸು.

ಬೈಕ್ ನಿಲ್ಲಿಸುತ್ತಿದ್ದಂತೆ ಟೈಲರಕ್ಕ ಹೊಸ್ತಿಲಿಗೆ ಬಂದಳು. "ಏನೇ ಸೂಜಿ, ತಲೆ ನೆಟ್ಟಗಿದೆಯಾ? ಎಡಕ್ಕೆ ತಿರುಗ್ತೀಯ, ಬಲಕ್ಕೆ ದೀಪ ಹಾಕ್ತೀಯ! ಹಿಂದಿನ ಕಾರ್‌ನವನು ಬೈದಿದ್ದು ಕೇಳಿಸ್ಲಿಲ್ವಾ?"

"ನಾನು ಎಡಕ್ಕೇ ಹಾಕಿದ್ದೆ ಅಕ್ಕ."

"ನನ್ನ ಕಣ್ಣು ನೂಲು ಪೋಣಿಸೋಕೆ ಸಾಲದೇ ಇರಬಹುದು. ಎಡ ಬಲ ಗೊತ್ತಾಗದಷ್ಟು ಹಾಳಾಗಿಲ್ಲ ಕಣೇ!"

ಅಂಗಡಿಯೊಳಗೆ, ಬಟ್ಟೆ ಹಾಕಿ ನೋಡುವವರಿಗೆಂದು ಆಳೆತ್ತರದ ಕನ್ನಡಿಯಿತ್ತು. ಸೂಜಿ ಬೈಕಿನ ಬೆನ್ನನ್ನು ಅದಕ್ಕೆ ತಿರುಗಿಸಿ ನಿಲ್ಲಿಸಿದಳು. ಎಡಕ್ಕೆ ಒತ್ತಿ, ಹಿಂತಿರುಗಿ ನೋಡಿದಳು.

ಎಡಗಡೆಯ ಪೆಟ್ಟಿಗೆಯ ಮೇಲಿನ ದೀಪ ಸತ್ತಂತೆ ಕೂತಿತ್ತು.

ಬಲಗಡೆಯದು ಮಿನುಗುತ್ತಿತ್ತು.

"ಅಯ್ಯೋ..." ಬೈಕಿನಿಂದ ಇಳಿದು ಟೇಪು ಸುತ್ತಿದ ವೈರುಗಳ ಮುಂದೆ ಕೂತಳು. ಎರಡೂ ಕಡೆಗೆ ಕಪ್ಪು ವೈರು. ಕನ್ನಡಿಯಲ್ಲಿ ಅವನ ಕಣ್ಣು. 'ಹತ್ತಿತಾ?' 'ಹತ್ತಿತು...'

'ಅವರಿಗೆ ಕಂಡಿದ್ದು ಬಲ! ನಾನು ಹೋಗ್ತೀನಿ ಅಂದೆ ಅಂತ...'

"ಏನಾಯ್ತೇ? ನೀರು ಕೊಡ್ಲಾ?"

"ಬೇಡ ಅಕ್ಕ! ನಿಮ್ಮ ಮೆಷಿನ್ ನಾಳೆ!"

"ನಾಳೆ ಊರಲ್ಲೇ ಇರಲ್ಲ ಅಂದ್ಯಲ್ಲ?"

ಉತ್ತರ ಕೊಡಲು ಸೂಜಿ ಅಲ್ಲಿರಲಿಲ್ಲ.

*

ಸರ್ಕಲ್‌ನಲ್ಲಿ ಅವಳು ದೀಪ ಹಾಕಲಿಲ್ಲ. ಎಡಗೈಯನ್ನು ಭುಜದಿಂದ ನೇರವಾಗಿ ಚಾಚಿದಳು. ಅಂಗಡಿಯ ಬೀದಿಯುದ್ದಕ್ಕೂ ಆ ಕೈಯನ್ನು ಮಡಚಲೇ ಇಲ್ಲ.

ಹೊಸ್ತಿಲಲ್ಲಿ ನಿಂತಿದ್ದ ಕರೆಂಟು ದೆವ್ವ ಕಂಡವನಂತೆ ನೋಡಿದ. ಕಣ್ಣು ಒಳಗೆ ಹೋಗಿತ್ತು. ಗುಂಡಿ ಎಂದಿನಂತೆ ತಪ್ಪು ಕಾಜದಲ್ಲಿತ್ತು.

"ನೀವು... ಊರು ಬಿಟ್ಟು ಹೋಗಲಿಲ್ವಾ?"

"ನಿಮ್ಮ ಕೆಲಸದ ಮೇಲೆ ದೂರು ಇದೆ. ಹಿಂದೆ ಬಂದು ಕೂತ್ಕೊಳ್ಳಿ."

ಅವನು ಕೂತ. ಅವಳು ಒತ್ತಿದಳು.

"ಈ ಸಲ ಕನ್ನಡಿ ನೋಡ್ಬೇಡಿ. ದೀಪ ನೋಡಿ. ಯಾವ ಕಡೆ ಹತ್ತಿದೆ?"

"ಬಲ."

"ಬಂದು ನೋಡಿ, ನಾನು ಒತ್ತಿರೋದು ಯಾವುದು?"

ಅವನು ಎದ್ದು ಬಂದು ಅವಳ ಹೆಬ್ಬೆರಳನ್ನು ನೋಡಿದ.

"ಆವತ್ತೂ ಇದನ್ನೇ ಒತ್ತಿದ್ದೆ," ಎಂದಳು ಸೂಜಿ. "ಇಲ್ಲೇ ಬಂದು ಕೂತಿದ್ದೆ. ಈ ಮೆಟ್ಟಿಲ ಮೇಲೆ."

ಅವನು ಹೇಳಿದ ಕಥೆ ಹೀಗಿತ್ತು. ಬಲಕ್ಕೆ ದೀಪ ಕಂಡಿತು. ಆದರೂ ಎದೆಗುಂದದೆ ಅವಳ ಹಿಂದೆಯೇ ನುಗ್ಗಿದ. ಅಷ್ಟರಲ್ಲಿ ಬೆಟ್ಟದಂಥ ಲಾರಿಯೊಂದು ಅಡ್ಡ ಬಂತು! ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಲಾರಿಗಳ ಆ ಕೋಟೆಯನ್ನು ಒಡೆಯಲು ವೀರನಂತೆ ಹೋರಾಡಿದ. ಧೂಳು ಇಳಿಯುವಷ್ಟರಲ್ಲಿ ಅವಳು ಮಾಯವಾಗಿದ್ದಳು.

ಸೂಜಿ ಅವನನ್ನೇ ನೋಡುತ್ತ ಕೇಳಿದಳು. ಏನೂ ಹೇಳಲಿಲ್ಲ.

"ವೈರು ಈಗಲೇ ಸರಿ ಮಾಡ್ತೀನಿ," ಎಂದ ಅವನು ಕಣ್ಣೊರೆಸಿಕೊಂಡು.

"ಆಮೇಲೆ ಮಾಡಿ. ದೀಪಾನ ನಂಬಿ ಸಾಕಾಯ್ತು. ಬಾಯಲ್ಲೇ ಹೇಳ್ತೀನಿ." ಅವಳು ಉಸಿರು ಎಳೆದುಕೊಂಡಳು. "ನಾನು ಎಲ್ಲೂ ಹೋಗಲ್ಲ. ನಿಮ್ಮ ಜೊತೆ ಇರ್ತೀನಿ. ನೀವು ಇರು ಅಂದ್ರೆ."

"ಇರು..." ಎಂದ ಅವನು. "ಇರು, ಇರು, ಇರು!"

ಆ ಕೂಗಿಗೆ ಮೊದಲು ಒಡೆದಿದ್ದ ಕಿಟಕಿಗಾಜುಗಳೆಲ್ಲ ತಾವಾಗಿಯೇ ಮತ್ತೆ ಕೂಡಿಕೊಂಡವು...

*

"ಏನ್ರೀ ಇದು?"

ಬೆನ್ನ ಹಿಂದಿನಿಂದ ಬಂದ ದನಿಗೆ ಈ ಕಥೆ ಬರೆಯುತ್ತಿದ್ದವನು ಬೆಚ್ಚಿಬಿದ್ದ.

"ಸಿಂಹದ ನಡಿಗೆಯಂತೆ! ಆವತ್ತು ವ್ಯಾನಿಂದ ಇಳಿಯುವಾಗ ಎಡವಿದ್ರಿ. ಚಪ್ಪಲಿ ಆ ಕಡೆ, ನೀವು ಈ ಕಡೆ."

"ಅದೆಲ್ಲ ಓದೋರಿಗೆ ಯಾಕೆ ಕಣೇ?"

"ಪ್ಲಂಬರ್ ಬೇರೆ! ಹೋಗ್ಲಿ, ನನ್ನ ಕಣ್ಣೀರು ಎಷ್ಟು ಬೇಕಾದ್ರೂ ಸುರಿಸ್ಕೊಳ್ಳಿ." ಅವಳು ಪಕ್ಕದಲ್ಲಿ ಬಂದು ಕೂತಳು. "ಈ ಲಾರಿ ಎಲ್ಲಿಂದ ಬಂತು?"

"ಹೈವೇ ಕಡೆಯಿಂದ..."

"ರೀ. ಹಸಿರು ಬರೋ ಮುಂಚೆ ನಾನು ಕನ್ನಡೀಲೇ ನೋಡ್ತಿದ್ದೆ. ರಸ್ತೆ ಖಾಲಿ ಇತ್ತು. ನೀವು ವ್ಯಾನ್ ವಾಪಸ್ ತಿರುಗಿಸಿದ್ದು ಕಂಡಿತು. 'ಹಿಂದೆ ಉಳಿದಿರಬೇಕು' ಅನ್ನೋದೆಲ್ಲ ನೀವು ಕಟ್ಟಿದ್ದು, ನಾನು ಮೆಟ್ಟಿಲ ಮೇಲೆ ಕೂತಿದ್ದು ಮನಸ್ಸು ಬದಲಾಯಿಸಿ ಬರ್ತೀರೇನೋ ಅಂತ."

ಅವನು ಪೆನ್ನು ಕೆಳಗಿಟ್ಟ. "ಇಷ್ಟು ವರ್ಷ ಹೇಳಲೇ ಇಲ್ವಲ್ಲ?"

"ನೀವೇ ಹೇಳ್ಲಿ ಅಂತ ಇದ್ದೆ."

ಇನ್ನು ಬಚ್ಚಿಡಲು ಏನೂ ಉಳಿಯಲಿಲ್ಲ. ಲಾರಿ ಇರಲಿಲ್ಲ. ಒಂದು ಸೈಕಲ್ ಕೂಡ ಅಡ್ಡ ಬಂದಿರಲಿಲ್ಲ.

"ದೀಪ ಬಲಕ್ಕೆ ಮಿನುಗಿದ್ದು ಕಂಡ ತಕ್ಷಣ ತಿರುಗಿಸ್ಬಿಟ್ಟೆ," ಎಂದ ಕರೆಂಟು, ನೆಲ ನೋಡುತ್ತ. "ನೀನು ಹೋಗೋದನ್ನ ನೋಡೋಕೆ ಧೈರ್ಯ ಆಗಲಿಲ್ಲ. ಇನ್ನೊಂದು ಉಸಿರು ಅಲ್ಲೇ ನಿಂತಿದ್ರೆ, ನೀನು ಎಡಕ್ಕೆ ತಿರುಗಿದ್ದು ಕಾಣ್ತಿತ್ತು. ನಿಲ್ಲಲಿಲ್ಲ. ಆವತ್ತೆಲ್ಲ ಊರಾಚೆ ವ್ಯಾನ್ ನಿಲ್ಲಿಸಿ ಸುಮ್ನೆ ಕೂತಿದ್ದೆ."

"ಒಬ್ಬರೇ?"

"ಒಬ್ಬನೇ."

"ನಾನು ಮೆಟ್ಟಿಲ ಮೇಲೆ, ನೀವು ವ್ಯಾನಲ್ಲಿ," ಎಂದು ಅವಳು ನಿಟ್ಟುಸಿರಿಟ್ಟಳು. ಅವನ ಶರ್ಟಿನ ತಪ್ಪಾದ ಗುಂಡಿಯನ್ನು ಬಿಚ್ಚಿ ಸರಿಯಾದ ಕಾಜಕ್ಕೆ ಹಾಕಿದಳು. "ವಿಮಾನ ಬೇಕಾದ್ರೆ ಇರಲಿ. ಲಾರಿ ತೆಗೀರಿ."

"ತೆಗೆದ್ರೆ ನಾನು ಎಂಥ ಪುಕ್ಕಲ ಅಂತ ಎಲ್ಲರಿಗೂ ಕಾಣುತ್ತಲ್ಲೇ?"

"ಕಾಣ್ಲಿ ಬಿಡಿ," ಎಂದಳು ಸೂಜಿ, ಅವನ ಭುಜಕ್ಕೆ ತಲೆಯಿಟ್ಟು. "ಮರೇಲಿ ಇರಬಾರದು ಅಂತ ನನಗೆ ಹೇಳಿದ್ದು ಯಾರು?"